ಬೇಲಿ ಮತ್ತು ಕೊಡೆ

ಈಗ ಹೇಳಿಬಿಡಲೇ, ಸುಮ್ಮನಿರಲೇ? ಸುಮ್ಮನಿದ್ದರೆ ತೀರ್ಪು ತನ್ನ ಕಡೆಗೆ. ಆದರೆ ಆಗ ಗೆದ್ದದ್ದು ತನ್ನ ವಾದವೋ, ಗೆಳೆಯನ ಮರೆವೋ?

ಮೇಜಿನಾಚೆ ಗೆಳೆಯ ಮಾತು ಅರ್ಧಕ್ಕೇ ನಿಲ್ಲಿಸಿ ಕನ್ನಡಕ ಒರೆಸುತ್ತಿದ್ದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಮುಚ್ಚಿದ ಬಾಗಿಲೊಳಗೆ ನ್ಯಾಯಾಧೀಶರು ಮೂವರೇ: ಇವನು, ಈ ಗೆಳೆಯ, ಮತ್ತೊಬ್ಬಳು. ಗುಡ್ಡದ ಮೇಲಿನ ಕೇರಿಗೆ ಸರ್ಕಾರ ಕುಡಿಯುವ ನೀರು ಕೊಡಲೇಬೇಕೇ ಎಂಬುದು ಮೊಕದ್ದಮೆ. ಜೀವದ ಬಗ್ಗೆ ಸಂವಿಧಾನ ಹೇಳುವುದು ಇಷ್ಟೇ: ಯಾರ ಜೀವವನ್ನೂ ಸರ್ಕಾರ ಕಸಿಯಕೂಡದು.

ಸಂವಿಧಾನವೆಂದರೆ ಸರ್ಕಾರ ದಾಟಿ ಬರದಂತೆ ಜನ ಹಾಕಿಕೊಂಡ ಬೇಲಿ ಎಂಬುದು ಇವನ ನಂಬಿಕೆ. ಅಲ್ಲ, ಜನರ ತಲೆಯ ಮೇಲೆ ಸರ್ಕಾರ ಹಿಡಿಯಲೇಬೇಕಾದ ಕೊಡೆ ಎಂಬುದು ಗೆಳೆಯನದು. ತಲೆ ಕಪ್ಪಗಿದ್ದಾಗ ಹತ್ತಿದ ಜಗಳ, ಬೆಳ್ಳಗಾದರೂ ಬಗೆಹರಿದಿರಲಿಲ್ಲ. ನ್ಯಾಯಾಲಯದ ಜವಾನರು ಬೆನ್ನಹಿಂದೆ ಇವರನ್ನು ಬೇಲಿ, ಕೊಡೆ ಎಂದೇ ಕರೆಯುತ್ತಿದ್ದರು.

"ಕಸೀಬಾರದು ಅಂದ್ರೆ ಕೊಡಬೇಕು ಅಂತ ಹೇಗಾಗುತ್ತೆ ಸರ್?" ಮೂರನೆಯವಳು, ಇಬ್ಬರಿಗಿಂತ ಕಿರಿಯಳು, ಕೊಡೆಯನ್ನು ಕೇಳಿದಳು. ಅವಳು ವಾಲಿದ ಕಡೆಗೆ ತೀರ್ಪು. "ಪುಸ್ತಕದಲ್ಲಿ ಎಲ್ಲಿದೆ ತೋರಿಸಿ, ನಿಮ್ಮ ಕಡೆ ಬರ್ತೀನಿ."

"ಇದೆಯಮ್ಮಾ... ಇಲ್ಲೇ ಎಲ್ಲೋ..." ಕೊಡೆ ಹಾಳೆ ಮಗುಚಿದ. ಅವಳಿಗೆ ಉತ್ತರವಾಗುವ ಮಾತನ್ನೇ ಇವತ್ತು ಊಟದ ಹೊತ್ತಿನಲ್ಲಿ ಮೇಜು ಕುಟ್ಟಿ ಹೇಳಿ, 'ಇದಕ್ಕೇನಂತೀಯೋ ಬೇಲಿ?' ಎಂದು ನಕ್ಕಿದ್ದವನು. ಈಚೆಗೆ ಹೀಗೇ. ಮೊನ್ನೆ ತನ್ನ ಕೋಣೆಯ ಬಾಗಿಲಲ್ಲೇ ದಾರಿ ತಪ್ಪಿದವನಂತೆ ನಿಂತಿದ್ದ.

ಬೇಲಿ ಗಂಟಲು ಸರಿಮಾಡಿಕೊಂಡು, ದನಿಗೆ ಬೇಕೆಂದೇ ಸಿಡುಕು ತಂದುಕೊಂಡ.

"ಸಾಕಪ್ಪಾ, ಗೊತ್ತು ನಿನ್ನ ವರಸೆ. ಈಗ ಆ ಜೈಲಿನ ಕಲಂ ತೆಗೀತೀಯ. ಕೈದಿಗೆ ಅನ್ನ ನೀರು ಕೊಡೋದು ಸರ್ಕಾರದ ಹೊಣೆ ಅಂತ ಅದೇ ಪುಸ್ತಕದಲ್ಲಿದೆ, ಕಳ್ಳನಿಗೆ ಸಿಗೋ ನೀರು ತಪ್ಪೇ ಮಾಡದವನಿಗೆ ಯಾಕಿಲ್ಲ ಅಂತೀಯ. ನಾನಂತೂ ಒಪ್ಪಲ್ಲ. ಕೈದಿಗೆ ಬಾವಿ ತೋಡೋಕಾಗಲ್ಲ. ಹೊರಗಿರೋನು ತೋಡ್ಕೊಳ್ಳಲಿ."

ಕೊಡೆಯ ಮುಖದಲ್ಲಿ ದೀಪ ಹತ್ತಿಕೊಂಡಂತಾಯಿತು.

"ಬರೀ ಬಂಡೆ ಇರೋ ಗುಡ್ಡದಲ್ಲಿ ಬಾವಿನಾ? ಒಂದು ತಂಬಿಗೆ ನೀರಿಗೋಸ್ಕರ ಜನ ಕಳ್ಳತನ ಮಾಡಿ ಒಳಗೆ ಹೋಗಬೇಕೇನೋ?" ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರೇ ಇರಲಿಲ್ಲ. ಹಳೆಯ ಗೆಳೆಯ ಮರಳಿ ಬಂದಿದ್ದ.

ಅವನು ಮುಗಿಸಿದಾಗ ಕಿರಿಯಳು ತುಸು ಹೊತ್ತು ಬೇಲಿಯನ್ನೇ ನೋಡಿದಳು. ಆಮೇಲೆ ಕೊಡೆಯತ್ತ ತಿರುಗಿ, "ನಾನು ನಿಮ್ಮ ಕಡೆ ಸರ್," ಎಂದಳು.

ಮೆಟ್ಟಿಲಿಳಿಯುವಾಗ ಕೊಡೆ ಗೆಳೆಯನ ತೋಳು ಹಿಡಿದುಕೊಂಡ. "ನಿನ್ನ ಬೇಲಿ ಹಾರಿಬಿಟ್ಟೆ ನೋಡು! ಹೇಗಿತ್ತು ನನ್ನ ಜೈಲಿನ ಮಾತು?"

"ಮೆಟ್ಟಿಲು ನೋಡ್ಕೊಂಡು ಇಳಿಯೋ," ಎಂದ ಬೇಲಿ. "ಚೆನ್ನಾಗಿತ್ತು."

ತನ್ನ ಭಿನ್ನಮತವನ್ನು ಅವನು ಎಂದಿನ ಖಾರದಲ್ಲೇ ಬರೆದ. ಆದರೆ ಆ ದಿನ ಜೈಲಿನ ಮಾತು ಎತ್ತಿದವನು ತಾನು ಎಂದು ಅದರಲ್ಲೂ ಬರೆಯಲಿಲ್ಲ, ಗೆಳೆಯನಿಗೂ ಹೇಳಲಿಲ್ಲ.