ಜೀರಿಗೆಯ ಎತ್ತರ

ಅಳತೆಗೋಲು ಹತ್ತಿರ ಬಂದದ್ದೇ ತಡ, ನಾಯಿ ಕುಗ್ಗಿತು. ಕಾಲು ಮಡಚಿತು, ಬೆನ್ನು ಇಳಿಸಿತು, ಕಿವಿಗಳನ್ನು ತಲೆಗೆ ಅಂಟಿಸಿಕೊಂಡಿತು. ಕೋಲಿನ ಮೇಲಿದ್ದ ಕೆಂಪು ಗೆರೆಗಿಂತ ಅದರ ಹೆಗಲು ಎರಡು ಬೆರಳು ಕೆಳಗೆ ನಿಂತಿತು.

"ಮಧ್ಯಮ ವರ್ಗ," ಎಂದು ಕೂಗಿ, ನಾಯಿಗಳ ಅಡೆತಡೆ ಓಟಕ್ಕೆ ತೀರ್ಪುಗಾರರಾಗಿ ಬಂದಿದ್ದ ಗಂಗಾಶ್ರೀ ಟೀಚರ್ ಕೋಲನ್ನು ಮೇಜಿಗೆ ಒರಗಿಸಿದರು. ಬಾಯಲ್ಲಿ ಹುಳಿ ನೀರು ಬಂತು. ಸೆರಗಿನಿಂದ ತುಟಿ ಒರೆಸಿಕೊಂಡರು.

ಇಂಥ ಕುಗ್ಗುವಿಕೆ ಅವರಿಗೆ ಹೊಸದಲ್ಲ. ಹೆಗಲು ಗೆರೆ ದಾಟಿದರೆ ನಾಯಿ ದೊಡ್ಡ ವರ್ಗಕ್ಕೆ ಸೇರುತ್ತದೆ, ಎತ್ತರದ ಅಡ್ಡಪಟ್ಟಿ ಹಾರಬೇಕು. ಕೆಳಗಿದ್ದರೆ ಪಟ್ಟಿಯೂ ಕೆಳಗೆ, ಗೆಲುವೂ ಸಲೀಸು. ಅದಕ್ಕೆಂದೇ ಕೆಲವರು ನಾಯಿಗೆ ಕೋಲಿನಲ್ಲಿ ಬಾರಿಸಿ ಬಾರಿಸಿ ಕಲಿಸುತ್ತಾರೆ. ಆಮೇಲೆ ಕೋಲು ಕಂಡರೆ ಸಾಕು, ಆ ಜೀವ ತಾನಾಗಿ ಗಿಡ್ಡವಾಗುತ್ತದೆ. ಹೊರದೇಶದ ಸ್ಪರ್ಧೆಗೆ ಹೋಗುವ ಆಸೆಗೆ ಮನುಷ್ಯರು ಎಷ್ಟು ಕೆಳಗೆ ಇಳಿದಾರು!

"ಕೋಲು ಕಂಡ್ರೆ ಅದಕ್ಕೆ ಹಂಗಾಗ್ತದೆ ಮೇಡಂ," ಎಂದಳು ನಾಯಿ ಓಡಿಸುವ ಹುಡುಗಿ ಸುಷ್ಮಿತಾ. ಸೊರಬದ ಕಡೆಯ ಹೊಸಬಾಳೆಯವಳು. ಮದುವೆಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

"ಸುಮ್ ಸುಮ್ನೆ ಯಾಕಮ್ಮ ಹಂಗಾಗ್ತದೆ?"

ಸುಷ್ಮಿತಾ ಓಟದ ಜಾಗದ ಸುತ್ತ ಕಟ್ಟಿದ್ದ ಹಗ್ಗದಾಚೆ ನೋಡಿದಳು. ಶಿಕಾರಿಪುರದ ಮೈದಾನ ಕಾದ ಹೆಂಚಿನಂತಿದ್ದರೂ ಅವಳದು ಮಣಿಕಟ್ಟಿನವರೆಗಿನ ತೋಳಿನ ಚೂಡಿದಾರ, ಕುತ್ತಿಗೆಗೆ ಸುತ್ತಿದ ವೇಲು. ಟೀವಿಯವರು ಬರುತ್ತಾರೆಂದು ಸಿಂಗಾರವಿರಬೇಕು ಎಂದುಕೊಂಡರು ಟೀಚರ್.

ಹಗ್ಗದಾಚೆ ಇದ್ದವನು ಅವಳ ಗಂಡ ಮಹಾಂತೇಶ. ಸೊರಬದಲ್ಲಿ ಗೊಬ್ಬರದ ಅಂಗಡಿ. ಬೆಳಗ್ಗಿನಿಂದ ಎಲ್ಲರಿಗೂ ಮಜ್ಜಿಗೆ ಪ್ಯಾಕೆಟ್ ಹಂಚುತ್ತಾ ನಗುತ್ತಾ ಓಡಾಡುತ್ತಿದ್ದ.

"ನಾಯಿಗೆ ಕಲ್ಸಿದ್ದೆಲ್ಲ ಇವಳೇ ರೀ ಮೇಡಂ. ನಾನು ಬರೀ ಡ್ರೈವರ್," ಎಂದ. "ಹಠ ಮಾಡಿ ಮನೇಲೂ ಇಂಥದೇ ಕೋಲು ಮಾಡಿಸ್ಕೊಂಡಿದಾಳೆ. ದಿನಾ ಪ್ರಾಕ್ಟೀಸು. ಒಂದಿನಾನೂ ತಪ್ಪಂಗಿಲ್ಲ."

ಸ್ಪರ್ಧೆ ನಡೆಸುವ ಸಂಘದ ಕಾರ್ಯದರ್ಶಿ ಆನಂದಪ್ಪ ಹೊಟ್ಟೆ ಕುಣಿಸಿ ನಕ್ಕರು. "ನಾನು ಪಾಸ್‌ಪೋರ್ಟ್ ಮಾಡಿಸಿ ಬೀರುವಿನಾಗ ಇಟ್ಟೀನಿ. ನಾಯಿ ವಿಮಾನ ಹತ್ತತದೆ, ನಾನು ಶಿರಾಳಕೊಪ್ಪ ಬಸ್ಸು!"

ಟೀಚರಿಗೆ ನಗು ಬರಲಿಲ್ಲ. ಮನೆಯಲ್ಲೂ ಕೋಲು. ದಿನಾ ಪ್ರಾಕ್ಟೀಸು. ಥೂ.

ಮಹಾಂತೇಶ ನೀರಿನ ಬಾಟಲಿ ಹಿಡಿದು ಹಗ್ಗದ ಹತ್ತಿರ ಬಂದ. ಜೀರಿಗೆ ಎಂಬ ಆ ಕಂದು ನಾಯಿ ಸರಕ್ಕನೆ ಸುಷ್ಮಿತಾಳ ಕಾಲುಗಳ ನಡುವೆ ನುಸುಳಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿತು. ಮತ್ತೆ ತಾಲೀಮು, ಎಂದುಕೊಂಡು ಟೀಚರ್ ಮುಖ ತಿರುಗಿಸಿದರು.

ಓಟಕ್ಕೆ ಮೊದಲು ಸುಷ್ಮಿತಾ ತಾನಾಗಿಯೇ ಮೇಜಿನ ಹತ್ತಿರ ಬಂದಳು. ದನಿ ತೀರಾ ಸಣ್ಣದಾಗಿತ್ತು.

"ಮೇಡಂ, ಜೋಡಿ ಅಂದ್ರೆ ನಾನೂ ಜೀರಿಗೆನೂ ಅಷ್ಟೇ ಅಲ್ವಾ? ಹೊರದೇಶಕ್ಕೆ ನಮ್ಮ್ ಜೊತೆ ಬೇರೆ ಯಾರೂ ಬರಂಗಿಲ್ಲ ತಾನೆ?"

"ನಾಯಿ ಒಂದು, ಓಡಿಸೋರು ಒಬ್ರು. ಅದೇ ಜೋಡಿ. ಇಲ್ಲಿ ಗೆದ್ರೆ ಮುಂದಿನ ಸುತ್ತು. ಅಲ್ಲೂ ಗೆದ್ರೆ ದೇಶದ ತಂಡ. ಇಬ್ಬರಲ್ಲಿ ಒಬ್ರದು ಮೋಸ ಅಂತ ಗೊತ್ತಾದ್ರೂ ಇಬ್ರೂ ಹೊರಗೆ."

"ಅಷ್ಟು ಸಾಕು," ಎಂದು ಹೊರಟಳು.

ಕಾರು ಓಡಿಸಿಕೊಂಡು ಬಂದ ಗಂಡ ಬಿಸಿಲಲ್ಲಿ ಮಜ್ಜಿಗೆ ಹಂಚುತ್ತಾನೆ. ಇವಳಿಗೆ ಒಬ್ಬಳೇ ಮೆರೆಯುವ ಆಸೆ. ಟೀಚರಿಗೆ ಅವಳ ಬೆನ್ನು ನೋಡುವುದಕ್ಕೂ ಹೇಸಿಗೆಯಾಯಿತು.

ಆದರೆ ಓಟ? ಅಂಥ ಓಟವನ್ನು ಅವರು ಕಂಡಿರಲಿಲ್ಲ. ಜೀರಿಗೆ ಪಟ್ಟಿಗಳ ಮೇಲೆ ಗಾಳಿಯಂತೆ ಹೋಯಿತು, ಬಟ್ಟೆಯ ಸುರಂಗ ತೂರಿತು, ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ಸುಳಿದು ಹೊರಬಂತು. ಸುಷ್ಮಿತಾ ಒಂದು ಸಲವೂ ಗದರಲಿಲ್ಲ. "ಬಾ ನನ್ನವ್ವ, ಬಾ," ಎನ್ನುತ್ತಾ ಪಕ್ಕದಲ್ಲೇ ಓಡಿದಳು. ಗುರಿ ಮುಟ್ಟಿದ ಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು.

"ಇದೇ ಜೋಡಿ ರೀ. ಹೆಸರು ಕೂಗಿಬಿಡ್ತೀನಿ," ಎಂದರು ಆನಂದಪ್ಪ.

"ತಡೀರಿ," ಎಂದರು ಟೀಚರ್.

ಅವರು ಕೋಲು ಮುಟ್ಟಲಿಲ್ಲ. ಚೀಲದಿಂದ ಹೊಲಿಗೆಯ ಟೇಪು ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡು ಜೀರಿಗೆಯ ಪಕ್ಕ ಕುಳಿತರು. ನಾಯಿ ನೆಟ್ಟಗೆ ನಿಂತು ಅವರ ಮಣಿಕಟ್ಟು ನೆಕ್ಕಿತು. ನೆಲದಿಂದ ಹೆಗಲಿಗೆ ಟೇಪು ಎಳೆದರು. ಕೋಲಿನ ಕೆಂಪು ಗೆರೆಯ ಅಳತೆ ದಾಟಿ ಮೂರು ಬೆರಳು ಮೇಲೆ.

"ಇದು ದೊಡ್ಡ ನಾಯಿ," ಎಂದು ಎದ್ದು ನಿಂತರು. ಸುತ್ತಲಿನ ಗದ್ದಲ ಅಡಗಿತು.

ಸುಷ್ಮಿತಾಳ ಮುಖ ಸುಣ್ಣವಾಯಿತು. "ಹೊರಗೆ ಹಾಕ್ಬ್ಯಾಡಿ ಮೇಡಂ. ದೊಡ್ಡ ಪಟ್ಟಿನೂ ಹಾರ್ತದೆ, ಬೇಕಾದ್ರೆ ಈಗ್ಲೇ ಹಾರಿಸ್ತೀನಿ. ನಮಗಿರದು ಇದೊಂದೇ ದಾರಿ."

"ಯಾವುದಕ್ಕೆ ದಾರಿ? ವಿಮಾನಕ್ಕಾ? ಬಾಯಿಲ್ಲದ ಪ್ರಾಣಿಗೆ ಹೊಡೆದು ಹೊಡೆದು ಗಿಡ್ಡ ಮಾಡಿದೀಯಲ್ಲ, ನಿಂಗೆ ಅನ್ನ ಹೆಂಗೆ ಸೇರ್ತದೆ?"

"ನಾನು..." ಅವಳ ಕಣ್ಣು ಮತ್ತೆ ಹಗ್ಗದಾಚೆ ಹೋಯಿತು.

"ಹೇಳೇ," ಎಂದ ಮಹಾಂತೇಶ, ಮೆತ್ತಗೆ. ನಗು ಹಾಗೇ ಇತ್ತು. "ಮೇಡಂ ಕೇಳ್ತಿದಾರಲ್ಲ."

ಅವಳು ವೇಲನ್ನು ಕುತ್ತಿಗೆಗೆ ಇನ್ನಷ್ಟು ಬಿಗಿದುಕೊಂಡಳು. ಅದನ್ನು ಕಂಡು ಟೀಚರಿಗೆ ಮೈಗೆಲ್ಲ ಲೋಳೆ ಅಂಟಿದಂತಾಯಿತು. ಅವರು ಮೇಜಿಗೆ ಒರಗಿಸಿದ್ದ ಅಳತೆಗೋಲು ಕಿತ್ತುಕೊಂಡರು.

"ನೀನು ಹೇಳೋದು ಬ್ಯಾಡ. ಹೆಂಗೆ ಕಲ್ಸಿದ್ದು ಅಂತ ನಾನೇ ಎಲ್ಲರಿಗೂ ತೋರಿಸ್ತೀನಿ. ಹಿಂಗೆ ತಾನೆ?"

ಕೋಲು ಮೇಲೆದ್ದಿತು, ಜೀರಿಗೆ ಕುಗ್ಗುವುದಕ್ಕೂ ಮೊದಲೇ ಸುಷ್ಮಿತಾ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿದ್ದಳು.