ನಲವತ್ತು ಮೈಲಿಯ ಬಾಯಾರಿಕೆ

ಹುಳಿ ಬಂದ ಜೋಳದ ಅಂಬಲಿಯ ವಾಸನೆ. ಐವತ್ತು ವರ್ಷಗಳ ಹಿಂದೆ ಅಪ್ಪ ಹೊಲದಿಂದ ಬಂದವನೇ ಹೊಸ್ತಿಲಲ್ಲಿ ನಿಂತು, ಗಡಿಗೆ ಎತ್ತಿ ಗಟಗಟ ಕುಡಿಯುವಾಗ ಬರುತ್ತಿದ್ದ ಆ ವಾಸನೆ ಅಳಿಯ ಗುರುಸಿದ್ದ ತೆರೆದ ಬಿಯರ್ ಬಾಟಲಿಯಿಂದ ಬರಬೇಕೆಂದು ಬಾಳಕ್ಕ ಎಣಿಸಿರಲಿಲ್ಲ. ದಾರಿಯುದ್ದಕ್ಕೂ ಸೈಕಲ್ಲಿನ ಮೇಲೆ ಕುಲುಕಾಡಿ ಬಿಸಿಯಾಗಿದ್ದ ಬಾಟಲಿ ಅದು. ಮುಚ್ಚಳ ಎತ್ತಿದ್ದೇ ತಡ, ನೊರೆ ಉಕ್ಕಿ ಅವನ ಪಾಯಿಜಾಮದ ಮೇಲೆಲ್ಲ ಸುರಿಯಿತು.

"ಹಾಲ ಉಕ್ಕಿದ್ಹಂಗ ಉಕ್ಕತೈತಲ್ರಿ ಅಳ್ಯಾರ! ಇದನ್ನ ತೋರಸಾಕ ಇಚಲಕರಂಜಿಯಿಂದ ಸೈಕಲ್ ತುಳದ ಬಂದೀರಿ?"

"ಹೌದ್ರಿ ಅತ್ತಿ. ನಿಮ್ಮ ಮಗಳು ಏನ್ ತಿಳಕೊಂಡ ಬಂದಾಳೋ, ಅದು ಇಷ್ಟ ಐತಿ ಅಂತ ತೋರಸಾಕ."

ಗಡಹಿಂಗ್ಲಜದ ಆ ಮನೆಯ ಹೊರಗಟ್ಟೆಯ ಮೇಲೆ ಕೂತಿದ್ದ ಗುರುಸಿದ್ದ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. ಬಾಳಕ್ಕ ದಿನಕ್ಕೆರಡು ಸಲ ಲಿಂಗಪೂಜೆ ಮಾಡುವವಳು. ಬಾಟಲಿ ಹಿಡಿದು ಹೊಸ್ತಿಲು ದಾಟುವ ಧೈರ್ಯ ಅವನಿಗಿರಲಿಲ್ಲ. ಎಂಟು ದಿನದ ಹಿಂದೆ ಅವನ ಹೆಂಡತಿ ಸುಶೀಲಾ ತಗಡಿನ ಪೆಟ್ಟಿಗೆಯೊಂದಿಗೆ ತವರಿಗೆ ಬಂದಿಳಿದು, ಅವನ ಕೋಟಿನ ಕಿಸೆಯಲ್ಲಿ ಸಿಕ್ಕ ಸರಕಾರಿ ಕಾಗದವನ್ನು ತಾಯಿಯ ಮುಂದಿಟ್ಟಿದ್ದಳು. ಪಾನನಿಷೇಧವಿದ್ದ ಆ ಕಾಲದಲ್ಲಿ ಕುಡಿಯಲು ಕೊಟ್ಟ ಪರವಾನಗಿ. ತಿರುಗಿ ಹೋಗುವ ಮಾತನ್ನು ಅವಳು ಇದುವರೆಗೆ ಎತ್ತಿರಲಿಲ್ಲ.

"ಕಾಗದ ಈಕಿ ಹಂತ್ಯಾಕ ಐತಿ. ಅಂದ್ರ ಇವತ್ತ ನಾ ಪರವಾನಗಿ ಇಲ್ಲದ ಬಾಟ್ಲಿ ತಂದೇನ್ರಿ," ಎಂದ ಗುರುಸಿದ್ದ. "ನಿಪ್ಪಾಣಿ ಮ್ಯಾಲೆ ಬಂದ್ರ ನಾಕಾದಾಗ ಪೊಲೀಸರು ತಡದು ಹಿಡೀತಾರಂತ ಮುರಗೂಡ ಕಡೆ ಏರು ಹತ್ತಿ ಬಂದೆ. ನಲವತ್ತ ಮೈಲಿ."

"ಹಿಡದಿದ್ರ?"

"ಒಳಗ ಹಾಕತಿದ್ರು."

"ಭಾಳ ಶಾಣ್ಯಾ ಅದೀರಿ," ಎಂದ ಬಾಳಕ್ಕ ನಗು ತಡೆದುಕೊಂಡಳು. "ಅಲ್ರಿ, ಇದರಾಗ ಅಂಥಾದ್ದೇನೈತಿ?"

ಅವನು ಬಾಟಲಿಯನ್ನು ಮೊಣಕಾಲ ಮೇಲಿಟ್ಟುಕೊಂಡ. "ಆರು ದಿನ ಮಗ್ಗದ ಶೆಡ್ಡಿನ್ಯಾಗ ಇರತೇನ್ರಿ. ಖಟ್‌ ಖಟ್‌ ಖಟ್‌. ಮನಿಗೆ ಬಂದ್ರೂ ಕಿವ್ಯಾಗ ಮಗ್ಗ ನಡದ ಇರತಾವ. ಎರಡ ವಾರಕ್ಕೊಮ್ಮೆ ರವಿವಾರ ನಾನು, ಶ್ರೀಪಾಲ, ಇನ್ನ ಇಬ್ಬರು ಸೈಕಲ್ ತಗೊಂಡ ಪನ್ಹಾಳಾ ಗುಡ್ಡ ಹತ್ತಿ ಇಳದು ಕೊಲ್ಲಾಪುರಕ್ಕ ಬರತೇವಿ. ಒಬ್ಬಾಂವ ಬೆಂಗಳೂರಿನ ಬಿಯರ್ ಛಲೋ ಅಂತಾನ, ಒಬ್ಬಾಂವ ಮುಂಬೈದ್ದು. ಅದಕ್ಕೂ ಜಗಳ. ನನಗ ತಣ್ಣಗಿದ್ರ ಸಾಕ್ರಿ. ಒಂದ ಬಾಟ್ಲಿ. ಮೊದಲನೇ ಗುಟಕ ಇಳೀತೈತಿ ನೋಡ್ರಿ, ಕಿವ್ಯಾಗಿನ ಮಗ್ಗ ಎಲ್ಲಾ ಒಮ್ಮೆಲೆ ನಿಂತ ಹೋಗತಾವ."

ಬಾಗಿಲ ಹಿಂದಿನಿಂದ ಸುಶೀಲೆಯ ದನಿ ಬಂತು. "ಶ್ರೀಪಾಲಣ್ಣ ಬರೇ ಸೋಡಾ ಕುಡೀತಾರಲ್ಲ. ಅವರಿಗೆ ಕಿವಿ ಇಲ್ಲೇನ?"

"ಅವರದು ನೂಲಿನ ಅಂಗಡಿ. ನೂಲು ಸಪ್ಪಳಾ ಮಾಡೂದಿಲ್ಲ."

"ಕಾಗದದಾಗ ಏನ್ ಬರದೈತಿ ಗೊತ್ತೈತೇನ? 'ಪ್ರಕೃತಿಸಾಠಿ ಆವಶ್ಯಕ.' ನಾನೂ ಏಳನೇ ಇಯತ್ತಾ ಮರಾಠಿ ಕಲತಾಕಿ. ಇದಿಲ್ಲದಿದ್ರ ಈ ಮನಷ್ಯಾನ ಆರೋಗ್ಯ ಉಳಿಯೂದಿಲ್ಲ ಅಂತ ಡಾಕ್ಟರ ಸಹಿ ಮಾಡ್ಯಾರ."

"ಹಂಗ ಬರೀಬೇಕಾಗತೈತಿ! ರುಚಿ ಅನಸತೈತಿ ಅಂತ ಬರದ್ರ ಸರಕಾರ ಕೊಡೂದಿಲ್ಲ. ರೋಗ ಐತಿ ಅಂದ್ರ ಕೊಡತೈತಿ. ಪನ್ಹಾಳಾ ಗುಡ್ಡ ಹತ್ತಾಂವಗ ಏನ್ ರೋಗ?"

"ಅಂದ್ರ ಸರಕಾರಕ್ಕ ಸುಳ್ಳ ಹೇಳೀರಿ," ಎಂದಳು ಬಾಳಕ್ಕ. "ನನ್ನ ಮಗಳಿಗೆ?"

"ಆಕಿಗೆ ಸುಳ್ಳ ಹೇಳಿಲ್ರಿ." ಅವನು ತಲೆ ತಗ್ಗಿಸಿದ. "ಏನೂ ಹೇಳಿಲ್ಲ."

ಬಾಳಕ್ಕನಿಗೆ ಏನನ್ನಿಸಿತೋ. ಬಾಟಲಿಯತ್ತ ಕೈ ಮಾಡಿ, "ಈಗ ನಲವತ್ತ ಮೈಲಿ ತುಳದೀರಲ್ಲ, ಕುಡೀರಿ," ಎಂದಳು.

"ಇಲ್ಲಿ? ನಿಮ್ಮ ಕಟ್ಟಿ ಮ್ಯಾಲೆ?"

"ಕಟ್ಟಿ ನಾ ಆಮ್ಯಾಲೆ ತೊಳೀತೇನಿ. ಕುಡೀರಿ."

ಅವನು ಗೋಡೆಯ ಕಡೆ ಮುಖ ತಿರುಗಿಸಿ ಒಂದು ಗುಟುಕು ಕುಡಿದ. ನುಂಗಿದ್ದು ಕಷ್ಟದಿಂದ ಇಳಿದಂತೆ ಕಂಡಿತು. ಬಾಟಲಿ ಕೆಳಗಿಟ್ಟ.

"ನಿಂತುವೇನ್ರಿ ಮಗ್ಗ?"

"ಇಲ್ರಿ ಅತ್ತಿ. ಎಂಟ ದಿನದಿಂದ ನಡದ ಅದಾವ."

ಬಾಗಿಲ ಹಿಂದಿನಿಂದ ಸುಶೀಲಾ ಮೆಲ್ಲಗೆ ಮಾತಾಡಿದಳು. "ಕುಡದದ್ದಕ್ಕ ಬಂದಿಲ್ಲ ನಾನು. ಆ ಕಾಗದ ಸಿಕ್ಕ ಮ್ಯಾಲೂ ಹದಿನೈದ ದಿನ ನಿಮ್ಮ ಜೋಡಿ ಇದ್ದೆ. ರೋಗ ಮುಚ್ಚಿಟ್ಟಾರ, ಇವತ್ತ ಹೇಳತಾರ, ನಾಳೆ ಹೇಳತಾರ ಅಂತ ನಿಮ್ಮ ಮಾರಿ ನೋಡಕೋತ ಇದ್ದೆ. ರಾತ್ರಿ ಉಸರ ಆಡತಾರಿಲ್ಲಂತ ಎದ್ದೆದ್ದ ನೋಡತಿದ್ದೆ. ನೀವು ಪಂಪ್ ತಗೊಂಡ ಸೈಕಲ್ಲಿಗೆ ಗಾಳಿ ಹೊಡಕೋತ ಕುಂಡರತಿದ್ರಿ."

ಗುರುಸಿದ್ದನ ಬಲಗಾಲಿನ ಮೀನಖಂಡ ಸೆಳೆದುಕೊಂಡಿತ್ತೇನೋ, ಎರಡೂ ಕೈಯಿಂದ ಅದನ್ನೇ ಒತ್ತುತ್ತ ಕೂತ. ಬಾಳಕ್ಕ ಎದ್ದು ತಂಬಿಗೆಯಲ್ಲಿ ನೀರು ತಂದು ಅವನ ಪಕ್ಕದಲ್ಲಿಟ್ಟು, ಕಂಬಕ್ಕೆ ಒರಗಿ ನಿಂತಳು.

ಅವನು ಕೈ ತೊಳೆದು, ಮುಖಕ್ಕೆ ನೀರು ಹಚ್ಚಿಕೊಂಡು ಕಣ್ಣು ತೆರೆಯುವಷ್ಟರಲ್ಲಿ ಸುಶೀಲಾ ಹೊಸ್ತಿಲಲ್ಲಿ ನಿಂತಿದ್ದಳು. ಮೊಣಕೈತನಕ ಹಿಟ್ಟು. ಅವಳು ಯಾವಾಗ ಒಲೆ ಹೊತ್ತಿಸಿದ್ದಳೋ ಬಾಳಕ್ಕನಿಗೂ ಗೊತ್ತಾಗಿರಲಿಲ್ಲ. ಅವನ ಪಕ್ಕಕ್ಕೆ ಬಂದು ತಾಟನ್ನು ಅವನ ಕೈಗಿತ್ತಳು. ರೊಟ್ಟಿಗಳಿಂದ ಇನ್ನೂ ಹಬೆ ಏಳುತ್ತಿತ್ತು.