ಗೊತ್ತಿಲ್ಲದ ಆಟ

"ಹಾಗಾದ್ರೆ ಬೆಕ್ಕು, ಕುರ್ಚಿ, ಅಜ್ಜಿ... ಇವನ್ನೆಲ್ಲ ಏನಂತ ಕರೀತೀವಿ ಮಕ್ಕಳೇ? ಇವೆಲ್ಲ..." ಎಂದ ಗ್ಲೆನಿಸ್ ಮಿಸ್ ಅಲ್ಲೇ ನಿಂತುಬಿಟ್ಟರು. ಪದ ಬರಲಿಲ್ಲ. ನಾಲಿಗೆಯ ತುದಿಯಲ್ಲಿದ್ದು ಸತಾಯಿಸಿದ್ದರೆ ಬೇರೆ ಮಾತು, ಅದು ತಲೆಯೊಳಗೆ ಎಲ್ಲೂ ಇರಲೇ ಇಲ್ಲ. ಇಂಗ್ಲೆಂಡಿನ ಬರ್ನ್ಲಿಯ ಆ ಶಾಲೆಯಲ್ಲಿ ಆರೇಳು ವರ್ಷದ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣದ ಮೊದಲ ಪಾಠ ಹೇಳಿಕೊಡುತ್ತಲೇ ಅರ್ಧ ಆಯಸ್ಸು ಕಳೆದವರು ಅವರು. ಈಗ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮುಖ ನೋಡುತ್ತಿದ್ದವರಲ್ಲಿ ಕೆಲವರ ಅಮ್ಮಂದಿರಿಗೂ ಅವರೇ ಮಿಸ್. ಸಾಲದ್ದಕ್ಕೆ ಪಾಠ ನೋಡಲೆಂದು ಹೆಡ್‌ಮಾಸ್ಟರ್ ಡಂಕನ್ ಬೇರೆ ಬಂದು, ಹಿಂದೆ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಮುದುರಿ ಕುಳಿತಿದ್ದ.

ಅಭ್ಯಾಸಬಲದಿಂದ ಅವರ ಕಣ್ಣು ಗೋಡೆಗೆ ಹೋಯಿತು. ವರ್ಷವಿಡೀ ಆ ಗೋಡೆಯ ಮೇಲೆ ವ್ಯಾಕರಣದ ಒಂದೊಂದು ಪದವೂ ಅಂಗೈಯಗಲದ ಬಣ್ಣದ ಅಕ್ಷರಗಳಲ್ಲಿ ಇರುತ್ತಿತ್ತು. ಈಗ ಅಲ್ಲಿದ್ದದ್ದು ಬರೀ ಕಂದು ಕಾಗದ. ನಾಳೆ ಪರೀಕ್ಷೆ; ಮಕ್ಕಳು ನೋಡಿ ಬರೆಯಬಾರದೆಂದು ಪರೀಕ್ಷೆಯ ಮುನ್ನಾದಿನವೇ ಗೋಡೆಗಳನ್ನು ಮುಚ್ಚುವುದು ಅಲ್ಲಿಯ ವಾಡಿಕೆ. ಬೆಳಿಗ್ಗೆ ಸ್ಟೂಲು ಹತ್ತಿ ಆ ಕಾಗದ ಅಂಟಿಸಿದ್ದು ಸ್ವತಃ ಗ್ಲೆನಿಸ್. ಮಕ್ಕಳೇನೂ ಆ ಗೋಡೆಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕ್ರಿಸ್‌ಮಸ್ ಕಳೆದಾಗಿನಿಂದ ಅದನ್ನು ಓದಿಕೊಂಡು ಪಾಠ ಮಾಡುತ್ತಿದ್ದವರು ಅವರೊಬ್ಬರೇ. ಈ ವಿಷಯ ಗಂಡ ಕೀತ್‌ಗೂ ಗೊತ್ತಿರಲಿಲ್ಲ. 'ಕೆಟಲ್' ಎಂಬ ಪದ ಸಿಗದೆ ಆಕೆ 'ನೀರು ಬಿಸಿ ಮಾಡೋದು' ಅಂದಾಗ ಆತ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ, ಅಷ್ಟೆ.

"ಅಯ್ಯೋ, ಮಿಸ್‌ಗೆ ಗೊತ್ತಿಲ್ಲ!" ಎಂದು ಹಂಝಾ ಕೂಗಿದ.

ಗ್ಲೆನಿಸ್‌ಗೆ ಡಂಕನ್ ಕೂತಿದ್ದ ಕಡೆ ನೋಡಲಾಗಲಿಲ್ಲ. ಇಷ್ಟು ತಿಂಗಳು ಮುಚ್ಚಿಟ್ಟದ್ದು ಒಬ್ಬ ಪೋರನ ಬಾಯಲ್ಲಿ, ಅದೂ ಹೆಡ್‌ಮಾಸ್ಟರ ಎದುರಿಗೇ ಬಯಲಾಯಿತಲ್ಲ! ಆದರೆ ಪಕ್ಕದ ಹುಡುಗ ಅವನನ್ನು ಮೊಣಕೈಯಿಂದ ತಿವಿದ. "ಹೇ ದಡ್ಡ, ಮಿಸ್ ಸುಮ್‌ಸುಮ್ನೆ ಗೊತ್ತಿಲ್ದಿರೋ ಥರ ಮಾಡ್ತಿದಾರೆ ಕಣೋ. ನಾವು ಹೇಳ್ಬೇಕು!"

"ನಾಮಪದ ಮಿಸ್! ನಾಮಪದ!" ಇಡೀ ತರಗತಿ ಕಿರುಚಿತು.

"ಹೌದಾ? ಹಾಗಂದ್ರೆ?" ಎಂದರು ಗ್ಲೆನಿಸ್, ಹೋದ ಉಸಿರು ಬಂದಂತಾಗಿ.

"ಹೆಸರು ಮಿಸ್! ವಸ್ತುವಿನ ಹೆಸರು, ಊರ ಹೆಸರು, ನಮ್ಮಮ್ಮನ ಹೆಸರು!"

ಆಮೇಲೆ ಮಕ್ಕಳನ್ನು ಹಿಡಿಯುವವರೇ ಇರಲಿಲ್ಲ. ಓಡು, ತಿನ್ನು, ಮಲಗು, ಇವು ಏನು ಎಂದು ಅವರು ಕೈಚೆಲ್ಲಿ ನಿಂತರೆ, ವರ್ಷವಿಡೀ ತುಟಿ ಬಿಚ್ಚದ ಮಗುವೂ ಎದ್ದು ಬಂದು ಕ್ರಿಯಾಪದವೆಂದರೆ ಏನೆಂದು ಅವರಿಗೆ ಪಾಠ ಹೇಳಿತು. ಅವರು ಬೋರ್ಡಿನ ಮೇಲೆ ಪ್ರಶ್ನಾರ್ಥಕ ಚಿಹ್ನೆಯನ್ನು ವಾಕ್ಯದ ನಡುವೆ ಹಾಕಿದಾಗ ಒಬ್ಬಳು ಅವರ ಕೈಯಿಂದ ಪೆನ್ನು ಕಿತ್ತುಕೊಂಡು ತಿದ್ದಿದಳು. ಬೇಕೆಂದೇ ತಪ್ಪು ಬರೆದದ್ದೋ, ತಿಳಿಯದೆ ಬರೆದದ್ದೋ, ಅಷ್ಟು ಹೊತ್ತಿಗೆ ಗ್ಲೆನಿಸ್‌ಗೇ ಹೇಳಲಾಗುತ್ತಿರಲಿಲ್ಲ.

ಗಂಟೆ ಹೊಡೆಯಿತು. ಡಂಕನ್ ಕುರ್ಚಿಯಿಂದ ಬಿಡಿಸಿಕೊಂಡು ನೇರ ಅವರ ಬಳಿ ಬಂದ. "ಗ್ಲೆನಿಸ್ ಅವ್ರೇ, ಏನ್ ಪಾಠ ರೀ ಇದು! ನಾನು ಬಂದ ಮೇಲೆ ಇಂಥದ್ದು ಒಂದೂ ನೋಡಿಲ್ಲ. ಆ ಮುಖ ಇದೆಯಲ್ಲ, ನಿಮಗೆ ನಿಜವಾಗ್ಲೂ ಗೊತ್ತಿಲ್ಲ ಅಂತ ನಾನೇ ನಂಬಿಬಿಟ್ಟೆ."

"ನಿಜವಾಗ್ಲೂ ಗೊತ್ತಿರ್ಲಿಲ್ಲ, ಡಂಕನ್."

ಆ ಒಂದು ಮಾತಿಗೆ ಅವರ ಧೈರ್ಯವೆಲ್ಲ ಖರ್ಚಾಗಿತ್ತು. ಹೇಳಿ ಮುಗಿಸಿದೆ, ಇನ್ನು ಆದದ್ದಾಗಲಿ ಎಂದು ಅವರು ಕಾದರು.

ಡಂಕನ್ ಗಹಗಹಿಸಿ ನಕ್ಕ. "ಇದೇ ನೋಡಿ! ಇದನ್ನೇ ಗುರುವಾರ ಎಲ್ಲಾ ಟೀಚರ್ಸ್ ಮುಂದೆ ಒಂದ್ಸಲ ಮಾಡಿ ತೋರಿಸ್ಬೇಕು ನೀವು."

"ನಾನು ತಮಾಷೆ ಮಾಡ್ತಿಲ್ಲಪ್ಪ. ನನಗೆ ಏನೋ ಆಗ್ತಿದೆ..."

"ಸುಸ್ತಾಗಿದೆ, ಅಷ್ಟೇ. ಪರೀಕ್ಷೆ ವಾರ ಅಂದ್ರೆ ಎಲ್ರಿಗೂ ಹೀಗೇ. ಒಂದು ಟೀ ಕುಡೀರಿ, ಸರಿಹೋಗತ್ತೆ" ಎನ್ನುತ್ತ ಆತ ಆಗಲೇ ಬಾಗಿಲು ದಾಟಿದ್ದ. ಈ ಮಾತನ್ನು ಇನ್ನು ಯಾರ ಹತ್ತಿರ ಹೇಳುವುದು? ಬಾಯಿಬಿಟ್ಟು ಹೇಳಿದರೂ ಜನ ಚಪ್ಪಾಳೆ ತಟ್ಟುವಂತಿದ್ದರೆ ಮನುಷ್ಯ ಮಾಡುವುದಾದರೂ ಏನು?

ಹೊರಗೆ ಮಳೆ. ಮಕ್ಕಳ ಆಟ ಒಳಗೇ. ಗ್ಲೆನಿಸ್ ಕುರ್ಚಿಗೆ ಕುಸಿಯುವಷ್ಟರಲ್ಲಿ ಎಲ್ಲರೂ ಬಂದು ಮುತ್ತಿಕೊಂಡರು. "ಮಿಸ್, ಇನ್ನೊಂದ್ಸಲ ಗೊತ್ತಿಲ್ಲದ ಆಟ! ಪ್ಲೀಸ್ ಮಿಸ್!"

ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಎಲ್ಲರನ್ನೂ ತಳ್ಳಿಕೊಂಡು ಬಂದು ಅವರ ಮಂಡಿಯ ಮೇಲೆ ಕೈಯಿಟ್ಟು ನಿಂತಳು. "ನನ್ ಹೆಸರೂ ನಾಮಪದ ಅಲ್ವಾ ಮಿಸ್? ಈಗ ನನ್ ಹೆಸರು ಮರ್ತೋಗಿರೋ ಥರ ಮಾಡಿ."

ಗ್ಲೆನಿಸ್ ಅವಳನ್ನು ನೋಡಿದರು. ಸೆಪ್ಟೆಂಬರಿನಿಂದ ದಿನವೂ ಎದುರಿಗೇ ಕೂರುವ ಮಗು. ಅಮ್ಮ ಮೀನು ಕರಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಶಾಲೆಯ ಟಾಯ್ಲೆಟ್ಟಿನಲ್ಲಿ ಕೈ ಒಣಗಿಸುವ ಯಂತ್ರದ ಸದ್ದೆಂದರೆ ಇವಳಿಗೆ ಜೀವ ಹೋಗುವಷ್ಟು ಹೆದರಿಕೆ, ಒದ್ದೆ ಕೈಯನ್ನು ಗ್ಲೆನಿಸ್‌ರ ಸ್ವೆಟರಿಗೇ ಒರೆಸುತ್ತಾಳೆ. ಎಲ್ಲ ಗೊತ್ತು. ಎಲ್ಲವೂ ಗೊತ್ತು.

"ನೀನು..." ಎಂದರು. ಕಣ್ಣು ತುಂಬಿ ಬಂತು.

"ನೋಡ್ರೋ, ಮಿಸ್ ಅಳೋ ಥರಾನೂ ಮಾಡ್ತಾರೆ!" ಎಂದು ಮಕ್ಕಳು ಕುಣಿದಾಡಿದರು. ಹುಡುಗಿಯೂ ನಗುತ್ತಿದ್ದಳು. ಸ್ವಲ್ಪ ಹೊತ್ತು ಕಾದಳು, ಇನ್ನೂ ಸ್ವಲ್ಪ ಕಾದಳು. ನಗು ನಿಂತಿತು. ಆಮೇಲೆ ಯಾರಿಗೂ ಕೇಳಿಸದ ಹಾಗೆ ಅವರ ಕಿವಿಗೆ ಬಾಯಿಟ್ಟು ಕೇಳಿದಳು:

"ಮಿಸ್, ಮೊದಲ್ನೇ ಅಕ್ಷರ ಹೇಳ್ಲಾ?"